ಮಾತ್ರೆಯ ಒಪ್ಪತ್ತು

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಕುರಿ ರೊಪ್ಪದ ಬಾಗಿಲಿಗೆ ಅಡ್ಡ ಇಡುವ ಕಲ್ಲು ಯಾವಾಗಲೋ ಅದರ ಮೇಲೆ ಬಿದ್ದಿತ್ತಂತೆ. ಒಂದು ಹೋಳು ದಪ್ಪಗೆ, ಹಳದಿ ಬಣ್ಣಕ್ಕೆ ತಿರುಗಿ ಗೊರಸಿನ ಹಾಗಿತ್ತು. ಇನ್ನೊಂದು ತೆಳುವಾಗಿ ಚೂಪಾಗಿತ್ತು. ಆ ಚೂಪು ಹೋಳನ್ನು ಮಾತ್ರೆಯ ನಡುಗೆರೆಯ ಮೇಲಿಟ್ಟು ಒತ್ತಿದರೆ ಮಾತ್ರೆ ಸರಿಯಾಗಿ ಎರಡಾಗುತ್ತಿತ್ತು. ಪುಡಿ ಉದುರುತ್ತಿರಲಿಲ್ಲ. ನಾನು ಚಾಕುವಿನಿಂದ ಮಾಡಿದರೆ ಒಂದು ತುಂಡು ಒಲೆಯ ಹಿಂದಕ್ಕೆ ಹಾರಿ ಹೋಗುತ್ತಿತ್ತು.

ಅತ್ತೆ ಹೋಗಿ ಇವತ್ತಿಗೆ ಒಂದು ತಿಂಗಳು ಮೂರು ದಿನ. ನನಗೆ ಅಳು ಬಂದಿಲ್ಲ. ಬ್ಲೌಸು ಹೊಲಿಯುತ್ತೇನೆ, ಮುದ್ದೆ ಕಟ್ಟುತ್ತೇನೆ, ಯಾರಾದರೂ ಕೇಳಿದರೆ ಉತ್ತರ ಕೊಡುತ್ತೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬರೆಯುವ ಅಭ್ಯಾಸ ಇಲ್ಲ. ಆದರೂ ಅವರ ವಿಷಯ ನನಗೆ ಗೊತ್ತಿರುವಷ್ಟನ್ನು ಬರೆದಿಡಬೇಕು ಅನ್ನಿಸಿದೆ.

ಅವರು ನನಗೆ ಎರಡು ದಾರಿಯಿಂದ ಅತ್ತೆ. ನನ್ನ ಅಪ್ಪನ ಅಕ್ಕ. ನನ್ನ ಗಂಡನ ತಾಯಿ. ನನ್ನ ತವರು ಸಿದ್ದಾಪುರ. ಹತ್ತನೇ ಕ್ಲಾಸಿನ ರಿಸಲ್ಟ್ ಬಂದಾಗಿನಿಂದಲೂ ಅವರು ತಮ್ಮನನ್ನು ಬಿಡದೆ ಕೇಳಿ, ನಾಲ್ಕು ವರ್ಷದ ಮೇಲೆ ನನ್ನನ್ನು ದೇವಸಮುದ್ರಕ್ಕೆ ಸೊಸೆಯಾಗಿ ಕರೆದುಕೊಂಡರು. ಬೇರೆ ಕಡೆಯಿಂದಲೂ ನನ್ನನ್ನು ಕೇಳಿಕೊಂಡು ಬಂದಿದ್ದರು. "ನನ್ ತಮ್ಮನ್ ಮಗಳು ಇನ್ನೊಬ್ರ ಒಲೆ ಉರಿ ಯಾಕ್ ಊದ್ಬೇಕು" ಎಂದು ಅವರನ್ನೆಲ್ಲ ವಾಪಸು ಕಳಿಸಿದವರು ಅತ್ತೆಯೇ.

ಓದು ಬರಹ ಇರಲಿಲ್ಲ. ಆಂಧ್ರದ ಗಡಿ ಹತ್ತಿರವಾದ್ದರಿಂದ ಮಾತಿನಲ್ಲಿ ತೆಲುಗು ಸೇರಿರುತ್ತಿತ್ತು. ಸಾಕು ಅನ್ನುವ ಕಡೆ "ಚಾಲು" ಅನ್ನುತ್ತಿದ್ದರು. ಮೊಮ್ಮಗಳನ್ನು "ಅಮ್ಮಾಯಿ" ಎಂದು ಕರೆಯುತ್ತಿದ್ದರು. ಮನೆಗೆ ಯಾರೇ ಬಂದರೂ ಮೊದಲು ಅವರ ಕಾಲು ನೋಡಿ, ಆಮೇಲೆ ಬಾಯಿ ನೋಡುತ್ತಿದ್ದರು. ಕುರಿ ಸಾಕಿದವರ ಕಣ್ಣು ಅದು. ಒಮ್ಮೆ ಮೈದುನನಿಗೆ ಹೆಣ್ಣು ತೋರಿಸಲು ಬಂದ ದಲ್ಲಾಳಿಯ ಕಾಲನ್ನು ಬಹಳ ಹೊತ್ತು ನೋಡಿದರು. ಅವನು ಚಪ್ಪಲಿ ಹಾಕಿಕೊಂಡು, "ಏನಮ್ಮಾ, ನನ್ನೇನ್ ಸಂತೆಗೆ ಹೊಡೀತೀಯಾ?" ಎಂದ. "ಹಿಮ್ಮಡಿ ಒಡೆದೈತೆ, ರೇಟ್ ಬರಲ್ಲ ಬಿಡಪ್ಪ" ಎಂದರು ಅತ್ತೆ. ನಗಲಿಲ್ಲ. ಅವರು ತಮಾಷೆ ಮಾಡಿದಾಗ ನಗುತ್ತಿರಲಿಲ್ಲ.

ನನ್ನ ಮಗಳು ಹುಟ್ಟಿದ್ದು ಏಳು ವರ್ಷದ ಹಿಂದೆ. ಎದೆಹಾಲು ಕುಡಿಯುವಷ್ಟು ದಿನ ಚೆನ್ನಾಗಿದ್ದಳು. ಹಾಲು ಬಿಡಿಸಿ ರಾಗಿ ಸರಿ ಶುರು ಮಾಡಿದ ಮೇಲೆ ಬಾಯಿಯ ಸುತ್ತ ಕೆಂಪಗೆ ಹುಣ್ಣಾಯಿತು. ಬೆರಳ ತುದಿಯಲ್ಲಿ, ಕುಂಡಿಯ ಮೇಲೆ ಚರ್ಮ ಸುಲಿಯಿತು. ಕೂದಲು ಉದುರಿತು. ಭೇದಿ ನಿಲ್ಲಲೇ ಇಲ್ಲ. ದೃಷ್ಟಿ ಅಂದವರುಂಟು, ಸರ್ಪಸುತ್ತು ಅಂದವರುಂಟು. ಮುಲಾಮುಗಳನ್ನು ಹಚ್ಚಿದೆವು. ಭೇದಿಗೆಂದು ಊರಿನ ಆಶಾ ಕಾರ್ಯಕರ್ತೆ ಸಕ್ಕರೆ ಉಪ್ಪಿನ ಪುಡಿಯ ಪ್ಯಾಕೆಟ್ಟಿನ ಜೊತೆಗೆ ಹದಿನಾಲ್ಕು ದಿನದ ಮಾತ್ರೆ ಕೊಟ್ಟರು. ನೀರಿನಲ್ಲಿ ಕರಗಿಸಿ ಕುಡಿಸುವಂಥದ್ದು. ಭೇದಿ ನಿಂತಿತು. ಮಾತ್ರೆ ಮುಗಿದ ಮೇಲೆ ಮತ್ತೆ ಬಂತು.

ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋದಾಗ ಮಗುವಿಗೆ ಒಂದು ವರ್ಷ ಎರಡು ತಿಂಗಳು. ಎತ್ತಿದರೆ ಒಣಗಿದ ಬಟ್ಟೆ ಎತ್ತಿದ ಹಾಗಿತ್ತು. ಡಾಕ್ಟರು ಒಬ್ಬ ಹೆಂಗಸು. ಅವರು ಚೀಟಿಗಳನ್ನು ನೋಡುತ್ತಿದ್ದಾಗ ಅತ್ತೆ ಬಾಗಿಲ ಬಳಿಯಿಂದಲೇ ಹೇಳಿದರು:

"ಡಾಕ್ಟ್ರಮ್ಮ, ಒಂದ್ ಮಾತು. ಆಶಾ ಅಮ್ಮ ಭೇದಿಗೆ ಅಂತ ಮಾತ್ರೆ ಕೊಟ್ಟಿದ್ದಳು ನೋಡ್ರಿ, ಅದು ಕುಡಿಸುವಾಗ ಬಾಯಿ ಹುಣ್ಣು ಒಣಗಿತ್ತು. ನಾನು ದಿನಾ ನೋಡ್ತಿದ್ದೆ. ನಿಲ್ಲಿಸಿದ್ವಿ, ಮತ್ತೆ ಹಸಿ ಆತು."

ಡಾಕ್ಟರು ಚೀಟಿ ಕೆಳಗಿಟ್ಟರು. "ಯಾವ ಮಾತ್ರೆ? ಜಿಂಕಾ?"

"ಜಿಂಕೆನೋ ಕೃಷ್ಣಮೃಗನೋ ನಂಗೇನ್ ಗೊತ್ತು. ಬೆಳ್ಳಗಿತ್ತು."

ಡಾಕ್ಟರು ನಕ್ಕರು. ಆಮೇಲೆ ಮಗುವಿನ ಬಾಯಿ, ಬೆರಳು, ಕುಂಡಿ ಮತ್ತೊಮ್ಮೆ ನೋಡಿದರು. ಸಂಬಂಧದಲ್ಲೇ ಮದುವೆಯಾ ಎಂದು ಕೇಳಿದರು. ಹೌದು ಎಂದೆ. ರಕ್ತ ತೆಗೆದರು.

ಅವರು ಹೇಳಿದ್ದು ನನಗೆ ಅರ್ಥವಾದದ್ದು ಇಷ್ಟು. ನಾವು ತಿನ್ನುವ ಅನ್ನದಲ್ಲಿ ಸತು, ಎಂದರೆ ಜಿಂಕ್ ಎಂಬ ಲೋಹ ಚೂರುಚೂರು ಇರುತ್ತದೆ. ಚರ್ಮ ಮಾಯಲು, ಮಕ್ಕಳು ಬೆಳೆಯಲು ಅದು ಬೇಕು. ಎಲ್ಲರ ಕರುಳೂ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ನನ್ನ ಮಗಳ ಕರುಳಿಗೆ ಹುಟ್ಟಿನಿಂದಲೇ ಆ ಶಕ್ತಿ ತೀರಾ ಕಡಿಮೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇಂಥದ್ದು ಹೆಚ್ಚು. ತಾಯಿಯ ಹಾಲಿನಲ್ಲಿರುವುದು ಸುಲಭವಾಗಿ ಸೇರುತ್ತಿತ್ತು, ಅದಕ್ಕೇ ಅಲ್ಲಿಯವರೆಗೆ ಚೆನ್ನಾಗಿದ್ದಳು. ಇನ್ನು ಮೇಲೆ ಬದುಕಿರುವವರೆಗೂ ಸತು ಜಾಸ್ತಿ ಕೊಡಬೇಕು. ಜಾಸ್ತಿ ಕೊಟ್ಟರೆ ಸ್ವಲ್ಪವಾದರೂ ಒಳಗೆ ಹೋಗುತ್ತದೆ. ನಿಲ್ಲಿಸಿದರೆ ಹುಣ್ಣು ವಾಪಸು, ಭೇದಿ ವಾಪಸು. ಕೊಡದೇ ಇದ್ದರೆ ಮಗು ಉಳಿಯುವುದಿಲ್ಲ.

ಅತ್ತೆ ಎಲ್ಲ ಕೇಳಿಸಿಕೊಂಡು, "ಹಂಗಂದ್ರೆ ಹೊಟ್ಟಿಗೆ ಹೋಗುತ್ತೆ, ಮೈಗೆ ಹತ್ತಲ್ಲ ಅಂತೀರಾ" ಎಂದರು.

"ಅದೇ. ಮೈಗೆ ಹತ್ತಲ್ಲ."

"ಕುರಿಯಾಗೂ ಒಂದೊಂದು ಹಂಗಿರ್ತಾವ್ರಿ. ಎಷ್ಟು ಮೇಯಿಸಿದ್ರೂ ಬೆನ್ನೆಲುಬು ಎದ್ದೇ ಇರ್ತೈತೆ."

ಚೀಟಿಯಲ್ಲಿ ಜಿಂಕ್ ಸಲ್ಫೇಟ್ ಎಂದು ಬರೆದಿತ್ತು. ನಾನು ಓದಿ ಹೇಳಿದಾಗ ಅತ್ತೆಯ ಮುಖ ಬದಲಾಯಿತು. ಕುರಿಗಳ ಗೊರಸು ಕೊಳೆತರೆ ನೀರಿಗೆ ಕಲಸಿ ಕಾಲು ಅದ್ದಿಸುವ ಪುಡಿಯ ಹೆಸರೂ ಅದೇ. "ಹೆಸರು ಒಂದೇ, ಆದರೆ ಆ ಪುಡಿ ಹೊಟ್ಟೆಗಲ್ಲ. ಮಗುವಿನ ಹತ್ತಿರಕ್ಕೂ ತರಬೇಡಿ" ಎಂದು ಡಾಕ್ಟರು ಎರಡು ಸಲ ಹೇಳಿದರು.

ವಾಪಸು ಬರುವಾಗ ಅತ್ತೆ ಚಳ್ಳಕೆರೆಯಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ, ಕಿಟಕಿಯ ಕಡೆ ನೋಡುತ್ತ, "ನಾನೇ ಹಟ ಹಿಡಿದು ತಂದ್ಕೊಂಡೆ ನಿನ್ನ" ಎಂದರು. ನಾನು ಮಗುವಿಗೆ ಟೋಪಿ ಸರಿ ಮಾಡಿದೆ.

ಮಾತ್ರೆ ಶುರುವಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಸಿದರೆ ಮಗು ವಾಂತಿ ಮಾಡುತ್ತಿತ್ತು. ನನಗೆ ಹೊಲಿಗೆ ಕೆಲಸ ಇರುತ್ತಿತ್ತು, ಕುಡಿಸುವುದನ್ನು ಅತ್ತೆ ವಹಿಸಿಕೊಂಡರು. ಮೊದಲ ವಾರ ಹುಣ್ಣು ಒಣಗಿತು. ಆಮೇಲೆ ಮುಂದಕ್ಕೆ ಹೋಗಲಿಲ್ಲ. ಹಿಂದಕ್ಕೇ ಬಂತು. ಒಂದೂವರೆ ತಿಂಗಳಿಗೆ ಮತ್ತೆ ದಾವಣಗೆರೆಗೆ ಹೋದಾಗ ಡಾಕ್ಟರು, "ದಿನಾ ಕೊಟ್ಟಿದ್ದೀರಾ?" ಎಂದು ಕೇಳಿದರು. "ಒಂದು ದಿನ ತಪ್ಪಿಸಿಲ್ಲ" ಎಂದರು ಅತ್ತೆ.

"ಯಾವುದರಲ್ಲಿ ಕೊಟ್ಟಿರಿ?"

"ರಾಗಿ ಅಂಬಲಿಯಾಗೆ. ಬರೀ ಹೊಟ್ಟಿಗೆ ಕೂಸು ಕಕ್ಕುತ್ತೆ ಕಣ್ರಿ. ಗಂಟಲು ಹರಿಯಂಗೆ ಕಕ್ಕುತ್ತೆ. ನೋಡಕ್ಕಾಗಲ್ಲ. ಅಂಬಲಿಯಾಗೆ ಕಲಸಿದ್ರೆ ತಣ್ಣಗೆ ಇಳೀತೈತೆ."

ಡಾಕ್ಟರು ಸಮಾಧಾನದಿಂದಲೇ ಹೇಳಿದರು. ರಾಗಿಯಲ್ಲಿ, ಕಾಳಿನಲ್ಲಿ, ಶೇಂಗಾದಲ್ಲಿ ಒಂದು ಅಂಶ ಇದೆ. ಅದು ಸತುವನ್ನು ಹಿಡಿದುಕೊಂಡುಬಿಡುತ್ತದೆ, ಕರುಳಿಗೆ ಬಿಟ್ಟುಕೊಡುವುದಿಲ್ಲ. ಮೊದಲೇ ಕಷ್ಟಪಟ್ಟು ಎಳೆದುಕೊಳ್ಳುವ ಕರುಳು. ಅಂಬಲಿಯಲ್ಲಿ ಕಲಸಿದರೆ ಮಾತ್ರೆಯಲ್ಲಿ ಮುಕ್ಕಾಲು ಪಾಲು ಹೊರಗೇ ಹೋಗುತ್ತದೆ.

ಅಲ್ಲಿ ಇನ್ನೂ ನಾಲ್ಕು ಜನ ತಾಯಂದಿರು ಕೂತಿದ್ದರು. ನಾನು ಎದ್ದು ನಿಂತು ಅತ್ತೆಗೆ ಹೇಳಿದೆ: "ನನ್ ಮಗಳನ್ನ ಸಾಯಿಸ್ತಿದ್ದೆ ನೀನು. ನಿನ್ ಕೈಯಾರೆ ಸಾಯಿಸ್ತಿದ್ದೆ."

ಅತ್ತೆ ತಲೆ ಬಗ್ಗಿಸಿದರು. ಉಗುರಿನ ಸೀಳಿನ ಮೇಲೆ ಇನ್ನೊಂದು ಹೆಬ್ಬೆರಳು ಇಟ್ಟುಕೊಂಡು ಕೂತಿದ್ದರು. ಡಾಕ್ಟರೇ ನನ್ನನ್ನು ಕೂರಿಸಿದರು. "ಬಾಯಿ ಹುಣ್ಣು ಒಣಗಿದ್ದನ್ನ ಕಂಡುಹಿಡಿದಿದ್ದು ಇವರೇ ಅಲ್ವೇನಮ್ಮ" ಎಂದರು. ನನಗೆ ಅದು ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ.

ಆ ದಿನ ಔಷಧಿ ಬದಲಾಯಿತು. ಸಲ್ಫೇಟ್ ಮೈಗೆ ಹತ್ತುತ್ತದೆ, ಆದರೆ ಕೆಲವರ ಹೊಟ್ಟೆಯನ್ನು ಉರಿಸುತ್ತದೆ. ಗ್ಲುಕೋನೇಟ್ ಎಂಬುದೂ ಚೆನ್ನಾಗಿ ಹತ್ತುತ್ತದೆ, ಹೊಟ್ಟೆಗೆ ಸ್ವಲ್ಪ ಮೆತ್ತಗೆ ಎಂದು ಅದರ ಸಿರಪ್ ಬರೆದರು. ದಿನಕ್ಕೆ ಎರಡು ಹೊತ್ತು. ಕುಡಿದು ಒಂದು ಗಂಟೆ ಏನೂ ಬೇಡ. ಹಾಲು, ರಾಗಿ, ಕಾಳು, ಕಬ್ಬಿಣದ ಟಾನಿಕ್ ಯಾವುದೂ ಅದರ ಹತ್ತಿರ ಬೇಡ. ಬೇಗ ಗುಣವಾಗಲಿ ಎಂದು ಅಳತೆ ಮೀರಿಸಲೂಬೇಡಿ, ಸತು ಅತಿಯಾದರೆ ರಕ್ತದಲ್ಲಿ ತಾಮ್ರ ಕಡಿಮೆಯಾಗುತ್ತದೆ ಎಂದರು. ಆಗಾಗ ರಕ್ತ ಪರೀಕ್ಷೆಗೆ ಬರಬೇಕೆಂದೂ ಹೇಳಿದರು.

ರಾತ್ರಿಯದನ್ನು ಮಲಗಿಸುವಾಗ ಕುಡಿಸಿದರಾಯಿತು. ಒಂದು ವರ್ಷದ ಕೂಸನ್ನು ಬೆಳಿಗ್ಗೆ ಒಂದು ಗಂಟೆ ಏನೂ ಕೊಡದೆ ಇಟ್ಟುಕೊಳ್ಳುವುದು ಹೇಗೆ? ಅತ್ತೆ ಅದಕ್ಕೆ ತಮ್ಮದೇ ದಾರಿ ಮಾಡಿಕೊಂಡರು. ಅವರು ಶನಿವಾರ ಒಪ್ಪತ್ತು ಇರುತ್ತಿದ್ದರು, ದೇವರ ಹೆಸರಲ್ಲಿ ಒಂದೇ ಹೊತ್ತು ಉಂಡು. ಈಗ ದಿನವೂ ಬೆಳಿಗ್ಗೆ ಆ ಒಂದು ಗಂಟೆಯನ್ನೂ ಒಪ್ಪತ್ತು ಅಂದರು. ಮಗುವಿಗೆ ಸಿರಪ್ ಕುಡಿಸಿ, ತಾವೂ ಟೀ ಕುಡಿಯದೆ, ಎಲೆ ಅಡಿಕೆ ಹಾಕದೆ, ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ರೊಪ್ಪದ ಕಡೆ ಹೋಗುತ್ತಿದ್ದರು. ಗೋಡೆಯ ಮೇಲೆ ಬಿಸಿಲು ಮೂರನೇ ಕಲ್ಲಿಗೆ ಇಳಿಯುವವರೆಗೂ ಬರುತ್ತಿರಲಿಲ್ಲ. ಬೆಳಗಿನ ಟೀ ಇಲ್ಲದಿದ್ದರೆ ಅವರಿಗೆ ತಲೆ ಸಿಡಿಯುತ್ತಿತ್ತು. ಒಂದು ದಿನ ನನ್ನ ಗಂಡ, "ಅವ್ವ, ಔಷಧಿ ಅವಳಿಗೆ, ನಿಂಗ್ಯಾಕೆ ಉಪಾಸ? ಟೀ ಕುಡಿ" ಎಂದರೆ, "ಮುಂದೆ ಕೂತ್ಕೊಂಡು ನಾನು ಹೀರಿದ್ರೆ ಕೂಸು ಸುಮ್ನಿರ್ತೈತೇನೋ? ಚಾಲು, ನಿನ್ ಕೆಲಸ ನೋಡು" ಅಂದರು.

ಮೂರು ವಾರಕ್ಕೆ ಮಗುವಿನ ಬಾಯಿ ಮಾಗಿತು. ಎರಡು ತಿಂಗಳಿಗೆ ತಲೆಯ ಮೇಲೆ ಹೊಸ ಕೂದಲು, ಮೆತ್ತಗೆ. ಅತ್ತೆ ಅದರ ಮೇಲೆ ಕೈಯಾಡಿಸಿ, "ಉಣ್ಣೆ ಬಂತು" ಎಂದರು.

ಮಗಳಿಗೆ ಮಾತು ಬಂದ ಮೇಲೆ ಯಾರಾದರೂ ಬೆಳಿಗ್ಗೆ ತಿನ್ನಲು ಕೊಟ್ಟರೆ, "ನಂದು ಒಪ್ಪತ್ತು" ಅನ್ನುತ್ತಿದ್ದಳು. ದೊಡ್ಡವರ ಹಾಗೆ ಕೈ ಅಡ್ಡ ಮಾಡಿ. ಹಟ್ಟಿಯವರು ಅದನ್ನು ಕೇಳಲೆಂದೇ ಬಿಸ್ಕತ್ತು ಚಾಚುತ್ತಿದ್ದರು.

ನಾಲ್ಕು ವರ್ಷ ತುಂಬಿದ ಮೇಲೆ ಸಿರಪ್ ಹೋಗಿ ಅದೇ ಗ್ಲುಕೋನೇಟಿನ ಮಾತ್ರೆ ಬಂತು, ಅರ್ಧರ್ಧ. ಅದನ್ನು ಚಳ್ಳಕೆರೆಯಿಂದ ತರಬೇಕಿತ್ತು. ಒಮ್ಮೆ ನಾನೂ ಅತ್ತೆಯೂ ಹೋದಾಗ ಅಂಗಡಿಯವನು ಬೇರೆ ಡಬ್ಬಿ ಕೊಟ್ಟ. ನಾನು ಜಿಂಕ್ ಎಂಬ ದೊಡ್ಡ ಅಕ್ಷರ ನೋಡಿ ಚೀಲಕ್ಕೆ ಹಾಕಿಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಒಂದು ಮಾತ್ರೆ ಮುರಿದು ನೀರಿನ ಬಾಟಲಿಯ ಮುಚ್ಚಳದಲ್ಲಿ ಹಾಕಿದರು. ಅದು ಕರಗದೆ ಬೆಳ್ಳಗೆ ತಳಕ್ಕೆ ಕೂತಿತು.

"ಇದು ಸುಣ್ಣ ಕಣೇ" ಎಂದರು. ಎದ್ದು ಹೊರಟೇ ಬಿಟ್ಟರು.

ಅಂಗಡಿಯಲ್ಲಿ ಜನ ಇದ್ದರು. ಅವನು, "ಎಲ್ಲಾ ಜಿಂಕೇ ಅಮ್ಮ. ಯಾವುದಾದ್ರೇನು? ಹೋಗೋದು ಹೊಟ್ಟೆಗೇ ತಾನೆ" ಎಂದ.

"ಹೊಟ್ಟೆಗೆ ಹೋಗೋದೆಲ್ಲ ಮೈಗೆ ಹತ್ತಂಗಿದ್ರೆ ನಾನ್ಯಾಕಪ್ಪ ಬಸ್ ಹತ್ತಿ ನಿನ್ ಹತ್ರ ಬರ್ತಿದ್ದೆ? ನಮ್ ರೊಪ್ಪದಾಗೇ ಗೊರಸಿನ ಪುಡಿ ಐತೆ."

ನಾನು ಡಬ್ಬಿಯ ಸಣ್ಣ ಅಕ್ಷರ ಓದಿದೆ. ಜಿಂಕ್ ಆಕ್ಸೈಡ್ ಎಂದಿತ್ತು. ಅವನು ವಾಪಸು ತೆಗೆದುಕೊಂಡು, ಒಂದು ಗಂಟೆ ಕಾಯಿಸಿ, ಸರಿಯಾದದ್ದನ್ನು ತರಿಸಿಕೊಟ್ಟ. ಮುಂದಿನ ಸಲ ಅತ್ತೆ ಇದನ್ನು ಡಾಕ್ಟರಿಗೆ ಹೇಳಿದರು. ನೀರಿನಲ್ಲಿ ಹಾಕಿ ನೋಡುವುದು ಸರಿಯಾದ ಪರೀಕ್ಷೆಯಲ್ಲ, ಒಳ್ಳೆಯ ಮಾತ್ರೆಯೂ ಕೆಲವು ಸಲ ತಳಕ್ಕೆ ಕೂರುತ್ತದೆ, ಚೀಟಿ ಓದಿಸಿ ಎಂದರು ಅವರು. ಆದರೆ ಆಕ್ಸೈಡ್ ಅಷ್ಟು ಸುಲಭವಾಗಿ ಕರಗಿ ಒಳಗೆ ಸೇರುವುದಿಲ್ಲ, ಎಲ್ಲರಿಗೂ ಅದು ವ್ಯರ್ಥ ಅಂತಲ್ಲ, ಇವಳಿಗೆ ಮಾತ್ರ ಕೇಳದೆ ಬದಲಾಯಿಸಬೇಡಿ ಎಂದೂ ಹೇಳಿದರು. ಅತ್ತೆ ನನ್ನ ಕಡೆ ತಿರುಗಿ, "ಓದಿದವಳು ನೀನು, ಸಣ್ಣಕ್ಷರ ಓದು" ಎಂದರು. ಅಷ್ಟೇ ಬೈದದ್ದು. ನಾನು ಅವರಿಗೆ ಆಸ್ಪತ್ರೆಯಲ್ಲಿ ಅಂದಿದ್ದರ ಪಕ್ಕ ಇಟ್ಟರೆ ಅದು ಬೈಗುಳವೇ ಅಲ್ಲ.

ಮಗಳು ಶಾಲೆಗೆ ಸೇರಿದಾಗ ಮೇಷ್ಟ್ರ ಮುಂದೆ ಹೋಗಿ ನಿಂತವರೂ ಅವರೇ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಮಧ್ಯಾಹ್ನ ಊಟವಾದ ಮೇಲೆ ಕೊಡಿ, ಇವಳ ಮಾತ್ರೆಗೆ ಅದು ಜಗಳ ತೆಗೆಯುತ್ತೆ ಎಂದು ಹೇಳಿ ಬಂದರು. ನಾನು ನನ್ನ ಮಿಷನ್ ತುಳಿಯುತ್ತಿದ್ದೆ. ಮಗಳು ಆರೋಗ್ಯವಾಗಿದ್ದಳು. ಆರೋಗ್ಯ ಎಲ್ಲಿಂದ ಬರುತ್ತಿದೆ ಎಂದು ನಾನು ದಿನವೂ ನೆನೆಯುತ್ತಿರಲಿಲ್ಲ.

ಕಳೆದ ತಿಂಗಳು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ರೊಪ್ಪದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ ಅತ್ತೆ ಗೋಡೆಗೆ ಒರಗಿ ಕೂತರು. ಆಟೋದಲ್ಲಿ ಮೊಳಕಾಲ್ಮೂರಿಗೆ ಕರೆದುಕೊಂಡು ಹೋದೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ರವಿಕೆಯ ತೋಳಿನ ಹೊಲಿಗೆ ಬಿಟ್ಟಿರುವುದು ಕಂಡಿತು. ಮನೆಗೆ ಹೋದ ಮೇಲೆ ಹಾಕಿಕೊಡಬೇಕು ಅಂದುಕೊಂಡೆ. ಆಸ್ಪತ್ರೆಯಲ್ಲಿ ನೋಡಿ, ದಾರಿಯಲ್ಲೇ ಹೋಗಿದ್ದಾರೆ ಎಂದರು.

ಆಮೇಲಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಮನೆ ತುಂಬ ಜನ. ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದರು. ನನ್ನನ್ನು ಯಾರೋ ಕೂರಿಸಿದಲ್ಲಿ ಕೂರುತ್ತಿದ್ದೆ. ಉಣ್ಣು ಅಂದರೆ ಉಣ್ಣುತ್ತಿದ್ದೆ. ಕಿವಿಯಲ್ಲಿ ಹತ್ತಿ ತುರುಕಿದ ಹಾಗೆ ಮಾತುಗಳು ದೂರದಿಂದ ಬರುತ್ತಿದ್ದವು. ಮಗಳು ಓಡಾಡಿಕೊಂಡಿರುವುದು ಕಾಣುತ್ತಿತ್ತು. ನನ್ನಿವಾಳದಿಂದ ಬಂದಿದ್ದ ಚಿಕ್ಕತ್ತೆ, ಎಂದರೆ ಅತ್ತೆಯ ತಂಗಿ, ಅವಳ ತಲೆ ಬಾಚಿ, ಉಣಿಸಿ, ಎಲ್ಲ ನೋಡಿಕೊಳ್ಳುತ್ತಿದ್ದರು.

ಹನ್ನೊಂದನೇ ದಿನ, ತಿಥಿಯ ಅಡುಗೆ ನಡೆದಿತ್ತು. ಮಗಳು ನನ್ನ ಪಕ್ಕ ಬಂದು ಕೂತಳು. ತುಟಿಯ ಎರಡೂ ಮೂಲೆಯಲ್ಲಿ ಕೆಂಪಗೆ ಬಿರುಕು ಬಿಟ್ಟಿತ್ತು. ನಾನು ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಕೈ ಹಿಡಿದು ಬೆರಳು ನೋಡಿದೆ. ಉಗುರಿನ ಬುಡದಲ್ಲಿ ಚರ್ಮ ಏಳುತ್ತಿತ್ತು.

"ಮಾತ್ರೆ ತಗೊಂಡ್ಯಾ?"

"ಇಲ್ಲ."

"ನಿನ್ನೆ?"

"ಇಲ್ಲವ್ವ. ಅಜ್ಜಿ ಹೋದಾಗಿಂದ ಇಲ್ಲ." ಅವಳು ನನ್ನ ಮುಖ ನೋಡಿ ಬೇಗ ಬೇಗ ಹೇಳಿದಳು: "ನಾನು ಹೇಳಿದ್ದೆ. ನಂದು ಒಪ್ಪತ್ತು, ಈಗ ತಿನ್ನಲ್ಲ ಅಂತ. ಚಿಕ್ಕಜ್ಜಿನೇ ಅಂದ್ರು, ಸೂತಕದಾಗೆ ಒಪ್ಪತ್ತು ಹಿಡಿಯಂಗಿಲ್ಲ ಅಮ್ಮಾಯಿ, ಹನ್ನೊಂದು ದಿನ ಕಳೀಲಿ ಅಂತ. ಅದಕ್ಕೆ ಮಾತ್ರೆನೂ ಬಿಟ್ಟೆ."

ಚಿಕ್ಕತ್ತೆ ಹೇಳಿದ್ದು ನಿಜ. ಸಾವಿನ ಮನೆಯಲ್ಲಿ ಯಾರೂ ವ್ರತ ಹಿಡಿಯುವುದಿಲ್ಲ. ಅವರಿಗೆ ಮಾತ್ರೆಯ ವಿಷಯ ಗೊತ್ತಿರಲಿಲ್ಲ. ಮಗು ಅಜ್ಜಿಯನ್ನು ನೋಡಿ ಶನಿವಾರದ ಒಪ್ಪತ್ತು ಕಲಿತಿದೆ ಅಂದುಕೊಂಡಿದ್ದರು. ಮಗಳದ್ದೂ ತಪ್ಪಿಲ್ಲ. ಅವಳಿಗೆ ಅದು ಔಷಧಿ ಎಂದು ಯಾರೂ ಬೇರೆಯಾಗಿ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದವಳು ನಾನು. ಹನ್ನೊಂದು ದಿನ ಬೆಳಿಗ್ಗೆ ಅವಳ ಮುಂದೆ ರಾಗಿ ಅಂಬಲಿ ಬಂದಾಗ ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ.

ಎದ್ದು ಹೋಗಿ ಡಬ್ಬಿ ತೆಗೆದೆ. ದಾವಣಗೆರೆಯ ಡಾಕ್ಟರಿಗೆ ಫೋನ್ ಮಾಡಿದೆ. ಬಿಟ್ಟದ್ದನ್ನೆಲ್ಲ ಸೇರಿಸಿ ಕೊಡಬೇಡ, ಮೊದಲಿನ ಅಳತೆಯೇ ಶುರು ಮಾಡು, ವಾರದಲ್ಲಿ ಕರೆದುಕೊಂಡು ಬಾ ಎಂದರು. "ನಿಮ್ಮತ್ತೆ ಎಲ್ಲಿ?" ಎಂದು ಕೇಳಿದರು. ಹೇಳಿದೆ.

ನನ್ನ ಗಂಡ ಮಗಳ ತುಟಿ ನೋಡಿದರು, ಡಬ್ಬಿ ನೋಡಿದರು, ಹೊರಗೆ ಹೋದರು. ಚಿಕ್ಕತ್ತೆ ಎದೆ ಮೇಲೆ ಕೈಯಿಟ್ಟುಕೊಂಡು, "ನಂಗೊಂದು ಮಾತು ಹೇಳಬಾರ್ದಾ ನೀನು" ಎಂದು ತಾವೇ ಅತ್ತರು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ದುಃಖದಲ್ಲಿದ್ದಾಳೆ ಎಂದು ಬಿಟ್ಟರು. ನಾಲ್ಕು ಜನರ ಮುಂದೆ ಯಾರಾದರೂ ಎದ್ದು ನಿಂತು ಒಂದು ಮಾತು ಅಂದಿದ್ದರೆ ಚೆನ್ನಾಗಿತ್ತು.

ಈಗ ತುಟಿ ಮಾಗಿದೆ. ಎರಡು ಹೊತ್ತೂ ನಾನೇ ಕೊಡುತ್ತೇನೆ. ಇದು ಔಷಧಿ, ಸೂತಕ ಬಂದರೂ ಹಬ್ಬ ಬಂದರೂ ಬಿಡಬಾರದು ಎಂದು ಮಗಳಿಗೆ ಬಿಡಿಸಿ ಹೇಳಿದ್ದೇನೆ. ಅವಳು ಡಬ್ಬಿಯ ಸಣ್ಣ ಅಕ್ಷರವನ್ನು ಕೂಡಿಸಿಕೊಂಡು ಓದುತ್ತಾಳೆ.

ಆಸ್ಪತ್ರೆಯಲ್ಲಿ ಆಡಿದ ಮಾತಿಗೆ ತಪ್ಪಾಯಿತು ಎಂದು ನಾನು ಅತ್ತೆಗೆ ಹೇಳಲಿಲ್ಲ. ಹೇಳಬಾರದು ಅಂತೇನೂ ಇರಲಿಲ್ಲ. ಆಮೇಲೆ ಐದು ವರ್ಷಕ್ಕೂ ಹೆಚ್ಚು ಒಂದೇ ಮನೆಯಲ್ಲಿ ಇದ್ದೆವು.